ಗೇಟ್ ಬಿದ್ದ ಬಂಡಿ ದಾರಿ: ದಕ್ಷಿಣ ಬೆಂಗಳೂರಿನ ಗ್ರ್ಯಾವೆಲ್ ಸೈಕ್ಲಿಂಗ್ ಬಗ್ಗೆ ತಿಳಿದಿರಬೇಕಾದ್ದು

ಸಿದ್ದಾಪುರದ ನರ್ಸರಿಗಳ ಸಾಲಿನಿಂದ ಬೆಳಗ್ಗೆ ಐದೂವರೆಗೆ ಹೊರಟರೆ ಜಯನಗರ, ಬನಶಂಕರಿ, ಕನಕಪುರ ರಸ್ತೆ ದಾಟಿ ಏಳರ ಹೊತ್ತಿಗೆ ಕಗ್ಗಲೀಪುರದ ಆಚೆ ಇರಬಹುದು. ಅಲ್ಲಿ ಡಾಂಬರು ಬಿಟ್ಟು ಪಕ್ಕಕ್ಕೆ ಇಳಿದರೆ ಕೆಂಪು ಗರಸು ಮಣ್ಣಿನ ದಾರಿ. ಎರಡು ಬದಿಗೆ ರಾಗಿ ಹೊಲ, ನೀಲಗಿರಿ ತೋಪು, ಮಾವಿನ ತೋಟ. ನಾನು ಐದಾರು ವರ್ಷದಿಂದ ಓಡಾಡ್ತಿದ್ದ ಅಂಥ ಒಂದು ದಾರಿಗೆ ಕಳೆದ ಮಳೆಗಾಲದ ಕೊನೆಗೆ ಕಬ್ಬಿಣದ ಗೇಟ್ ಬಿದ್ದಿತ್ತು. ಆಚೆ ಸೈಟುಗಳಿಗೆ ಕಲ್ಲು ನೆಟ್ಟಿದ್ದರು. ಎಮ್ಮೆ ಹೊಡ್ಕೊಂಡು ಬರ್ತಿದ್ದ ಹಿರಿಯರೊಬ್ಬರು ನಿಂತು, "ಎಲ್ಲಿಗ್ ಸಾ ಹೋಯ್ತೀರಿ? ದಾರಿ ಇಲ್ಲ, ಗೇಟ್ ಹಾಕವ್ರೆ" ಅಂದರು.

"ಯಾವಾಗ ಹಾಕಿದ್ರು ಯಜಮಾನ್ರೇ?"

"ಗೌರಿ ಹಬ್ಬ ಆದ್ಮೇಲೆ. ನಮ್ ಟ್ರ್ಯಾಕ್ಟ್ರೂ ಈಗ ಸುತ್ಕಂಡೇ ಬತ್ತದೆ."

ಗ್ರ್ಯಾವೆಲ್ ಸೈಕ್ಲಿಂಗ್ ಬಗ್ಗೆ ಬರೀರಿ ಅಂತ ಕೇಳಿದ ಓದುಗರಿಗೆ ನಾನು ಸೈಕಲ್ಲಿನಿಂದ ಶುರು ಮಾಡದೆ ಈ ಗೇಟಿನಿಂದ ಶುರು ಮಾಡ್ತಿರೋದಕ್ಕೆ ಕಾರಣ ಇದೆ. ಸೈಕಲ್ ದುಡ್ಡು ಕೊಟ್ಟರೆ ಸಿಗುತ್ತೆ. ದಾರಿ ಹೋದರೆ ಸಿಗಲ್ಲ.

ಏನಿದು ಗ್ರ್ಯಾವೆಲ್?

ಸರಳವಾಗಿ ಹೇಳೋದಾದರೆ, ರೇಸಿಂಗ್ ಸೈಕಲ್ಲಿನ ಹಾಗೆ ಬಾಗಿದ ಹ್ಯಾಂಡಲ್, ಅದಕ್ಕಿಂತ ದಪ್ಪ ಟೈರು. ಡಾಂಬರಿನಲ್ಲೂ ವೇಗವಾಗಿ ಹೋಗುತ್ತೆ, ಮಣ್ಣಿನಲ್ಲೂ ಹೋಗುತ್ತೆ. ಮೌಂಟನ್ ಬೈಕಿನ ಹಾಗೆ ಬಂಡೆ ಹಾರಿಸೋ ಆಟ ಇದಲ್ಲ. ಹಳ್ಳಿಯಿಂದ ಹಳ್ಳಿಗೆ ಹೋಗುವ ಕಚ್ಚಾ ದಾರಿಯ ಆಟ. ಗ್ರ್ಯಾವೆಲ್ ಅಂದಾಕ್ಷಣ ನಮ್ಮಲ್ಲಿ ಹಲವರು ಮನೆ ಕಟ್ಟುವಾಗ ಲಾರಿಯಲ್ಲಿ ಬರುವ ಜಲ್ಲಿ ಅಂದ್ಕೋತಾರೆ. ಜಲ್ಲಿ ಮೇಲೆ ಯಾವ ಸೈಕಲ್ಲೂ ನೆಟ್ಟಗೆ ಹೋಗಲ್ಲ. ನಮಗೆ ಬೇಕಾಗಿರೋದು ಗರಸು, ಅಂದ್ರೆ ಸಣ್ಣ ಕಲ್ಲು ಬೆರೆತು ಗಟ್ಟಿಯಾಗಿ ಕೂತ ಮಣ್ಣು.

ಈ ಆಟಕ್ಕೆ ಹೆಸರು ತಂದುಕೊಟ್ಟದ್ದು ಅಮೆರಿಕದ ಕಾನ್ಸಾಸ್. ಎಂಪೋರಿಯಾ ಎಂಬ ಸಣ್ಣ ಊರಲ್ಲಿ 2006ರಲ್ಲಿ ಶುರುವಾದ 200 ಮೈಲಿಯ, ಅಂದ್ರೆ ಸುಮಾರು 320 ಕಿಲೋಮೀಟರಿನ ರೇಸ್ ಈಗ ಅನ್‌ಬೌಂಡ್ ಗ್ರ್ಯಾವೆಲ್ ಅನ್ನೋ ಹೆಸರಲ್ಲಿ ನಡೆಯುತ್ತೆ. ಮೊದಲ ಹೆಸರು ಡರ್ಟಿ ಕಾಂಜಾ. ಕಾಂಜಾ ಅನ್ನೋದು ಅಲ್ಲಿನ ಮೂಲನಿವಾಸಿ ಸಮುದಾಯದ ಹೆಸರು. ಅದರ ಹಿಂದೆ 'ಕೊಳಕು' ಅಂತ ಅಂಟಿಸಿದ್ದು ತಪ್ಪು ಅಂತ ವಿರೋಧ ಎದ್ದು 2020ರಲ್ಲಿ ಹೆಸರು ಬದಲಾಯಿತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ 2022ರಲ್ಲಿ ಇಟಲಿಯ ವೆನೆಟೊದಲ್ಲಿ ಮೊದಲ ಗ್ರ್ಯಾವೆಲ್ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು. 2024ರಲ್ಲಿ ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಗೆದ್ದವರು ಮಥ್ಯು ವಾನ್ ಡರ್ ಪೂಲ್ ಮತ್ತು ಮರಿಯಾನ್ ವೋಸ್. ಇಬ್ಬರೂ ಡಾಂಬರು ರಸ್ತೆಯ ಮಹಾ ದಿಗ್ಗಜರು. ಅಷ್ಟರಮಟ್ಟಿಗೆ ಈ ಆಟ ದೊಡ್ಡದಾಯಿತು.

ನನಗೆ ಹೆಚ್ಚು ಮುಖ್ಯ ಅನ್ನಿಸೋದು ಇನ್ನೊಂದು ಕಥೆ. 1997ರಲ್ಲಿ ಇಟಲಿಯ ಟಸ್ಕನಿಯ ಗಯೋಲೆ ಇನ್ ಕಿಯಾಂಟಿ ಅನ್ನೋ ಊರಲ್ಲಿ ಕೆಲವರು ಹಳೇ ಸೈಕಲ್ ಹತ್ತಿ 'ಲೆರೋಯಿಕಾ' ಅನ್ನೋ ಸವಾರಿ ಶುರು ಮಾಡಿದರು. ಉದ್ದೇಶಗಳಲ್ಲಿ ಒಂದು, ತೋಟಗಳ ನಡುವಿನ ಬಿಳಿ ಮಣ್ಣಿನ ರಸ್ತೆಗಳು ಡಾಂಬರಿನಡಿ ಮುಚ್ಚಿಹೋಗದಂತೆ ಉಳಿಸೋದು. ಅದರ ಬೆನ್ನಿಗೆ 2007ರಲ್ಲಿ ವೃತ್ತಿಪರರ ರೇಸ್ ಬಂತು. ಇವತ್ತು ಅದೇ ಸ್ಟ್ರಾಡೆ ಬಿಯಾಂಕೆ, ಅಂದ್ರೆ ಬಿಳಿ ರಸ್ತೆಗಳು. ಮೊದಲು ರಸ್ತೆಯ ಪ್ರಶ್ನೆ ಬಂತು, ರೇಸ್ ಆಮೇಲೆ ಬಂತು. ನಾವು ಬೆಂಗಳೂರಲ್ಲಿ ಉಲ್ಟಾ ಹೊರಟಿದ್ದೀವಿ.

ದಾರಿ ಯಾರದ್ದು?

ನಮ್ಮ ಸುತ್ತಲಿನ ಕಚ್ಚಾ ದಾರಿಗಳಲ್ಲಿ ಬಹುಪಾಲು ಹಳೇ ಬಂಡಿ ದಾರಿಗಳು. ಹೊಲಕ್ಕೆ ಗೊಬ್ಬರ, ಕಣಕ್ಕೆ ರಾಗಿ ತೆನೆ, ಸಂತೆಗೆ ಹುಲ್ಲು ಹೋಗ್ತಿದ್ದ ದಾರಿ. ಕಂದಾಯ ಇಲಾಖೆಯ ಗ್ರಾಮ ನಕ್ಷೆ ತೆಗೆದು ನೋಡಿದರೆ ಬಂಡಿ ದಾರಿಯನ್ನು ಜೋಡಿ ಚುಕ್ಕೆ ಗೆರೆಯಲ್ಲೂ ಕಾಲುದಾರಿಯನ್ನು ಒಂಟಿ ಚುಕ್ಕೆ ಗೆರೆಯಲ್ಲೂ ಎಳೆದಿರ್ತಾರೆ.

ಇಲ್ಲಿ ಒಂದು ಪದ ಕಲಿತುಕೊಳ್ಳಬೇಕು: ಖರಾಬು. ಕರ್ನಾಟಕ ಭೂ ಕಂದಾಯ ನಿಯಮಗಳು, 1966ರ ಪ್ರಕಾರ ಕಂದಾಯ ಹಾಕದೆ ಬಿಟ್ಟ ಜಮೀನು ಎರಡು ಥರ. ಬೇಸಾಯಕ್ಕೆ ಬಾರದ ಕಲ್ಲು, ದಿಣ್ಣೆ ಮೊದಲಾದವು 'ಎ' ಖರಾಬು. ರಸ್ತೆ, ಗುರುತಿಸಿದ ಕಾಲುದಾರಿ, ಬೇರೆಯವರೂ ನೀರಿಗೆ ಬಳಸುವ ಕೆರೆ ಮತ್ತು ಹಳ್ಳ, ಸ್ಮಶಾನ, ಕುಂಬಾರಿಕೆಗೆ ಬಿಟ್ಟ ಜಾಗ ಇಂಥವು 'ಬಿ' ಖರಾಬು. ಇದು ಸಾರ್ವಜನಿಕರದ್ದು. ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಕೆಳಗೇ ಖರಾಬು ಎಷ್ಟು ಗುಂಟೆ ಅಂತ ಬರೆದಿರುತ್ತೆ. ಸರ್ವೆ ನಂಬರಿನ ಮಾಲೀಕ ತನ್ನ ಜಮೀನು ಮಾರಬಹುದು. ಅದರೊಳಗಿನ ಬಿ ಖರಾಬು ಅವನ ಕೈಲಿ ಮಾರಾಟಕ್ಕೆ ಇಲ್ಲ.

ಕಾಗದದಲ್ಲಿ ಹೀಗಿದೆ. ನೆಲದ ಮೇಲೆ ಏನಾಗುತ್ತೆ ಅಂದ್ರೆ, ದಾರಿಯ ಎರಡೂ ಬದಿಯ ಜಮೀನು ಒಬ್ಬರೇ ಕೊಂಡಾಗ ನಡುವಿನ ಎಂಟು-ಹತ್ತು ಅಡಿ ಸದ್ದಿಲ್ಲದೆ ಲೇಔಟಿನೊಳಗೆ ಸೇರಿಹೋಗುತ್ತೆ. ಮೊದಲು ಗೇಟು, ಆಮೇಲೆ ವಾಚ್‌ಮನ್, ಆಮೇಲೆ ಕಾಂಪೌಂಡು. ಎತ್ತಿನ ಗಾಡಿ ನಿಂತ ಮೇಲೆ ದಿನಾ ಆ ದಾರಿ ತುಳಿಯೋರು ಕಡಿಮೆ. ಕೇಳೋರು ಇಲ್ಲದ ದಾರಿ ಹತ್ತು ವರ್ಷದಲ್ಲಿ ನಕ್ಷೆಯಲ್ಲಷ್ಟೇ ಉಳಿಯುತ್ತೆ. ಬಿಡದಿ ಕಡೆಯ ಟೌನ್‌ಶಿಪ್ ಯೋಜನೆ, ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ, ಬನಶಂಕರಿ 6ನೇ ಹಂತದ ಸುತ್ತ ಬೆಳೀತಿರೋ ಖಾಸಗಿ ಬಡಾವಣೆಗಳು ಇವನ್ನೆಲ್ಲ ಒಟ್ಟಿಗೆ ನೋಡಿದರೆ ದಕ್ಷಿಣ ದಿಕ್ಕಿನಲ್ಲಿ ಈ ಕೆಲಸ ಎಷ್ಟು ವೇಗವಾಗಿ ನಡೀತಿದೆ ಅಂತ ಗೊತ್ತಾಗುತ್ತೆ.

ಒಂದು ಎಚ್ಚರಿಕೆ. ಕಣ್ಣಿಗೆ ಕಂಡ ಪ್ರತಿ ಮಣ್ಣಿನ ದಾರಿಯೂ ಸಾರ್ವಜನಿಕವಲ್ಲ. ಕೆಲವು ಖಾಸಗಿ ಹಿಡುವಳಿಯೊಳಗೇ ರೂಢಿಯಿಂದ ಆದವು. ಅಂಥ ಕಡೆ ಪಕ್ಕದ ಜಮೀನಿನ ರೈತನಿಗೆ 1882ರ ಈಸ್‌ಮೆಂಟ್ ಕಾಯ್ದೆಯಡಿ, ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ ಬಳಸಿದ್ದಕ್ಕೆ ಹಕ್ಕು ಹುಟ್ಟಬಹುದು. ಭಾನುವಾರ ಬಂದು ಹೋಗುವ ಸೈಕಲ್‌ನವನಿಗೆ ಅಂಥ ಹಕ್ಕೇನೂ ಇಲ್ಲ. ಸ್ಕಾಟ್ಲೆಂಡಿನಲ್ಲಿ 2003ರ ಕಾನೂನು ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರಿಗೇ ಆದರೂ, ಸೈಕಲ್‌ನವರಿಗೂ ಸೇರಿ, ಬಹುತೇಕ ಭೂಮಿಯಲ್ಲಿ ಓಡಾಡುವ ಹಕ್ಕು ಕೊಟ್ಟಿದೆ. ನಮ್ಮಲ್ಲಿ ಅದಿಲ್ಲ. ಆದ್ದರಿಂದ ಬಿ ಖರಾಬು ಯಾವುದು, ಯಾರದೋ ತೋಟ ಯಾವುದು ಅನ್ನೋ ವ್ಯತ್ಯಾಸ ತಿಳಿದಿರೋದು ಮರ್ಯಾದೆಯ ವಿಷಯವೂ ಹೌದು.

ತಿಳಿಯೋದು ಕಷ್ಟ ಅಲ್ಲ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ನಿಂತ ಜಾಗದ ಸರ್ವೆ ನಂಬರ್ ನೋಡಿ. ಕಂದಾಯ ಇಲಾಖೆಯ ಜಾಲತಾಣದಲ್ಲಿ ಆ ಊರಿನ ನಕ್ಷೆ ಇಳಿಸಿಕೊಳ್ಳಿ. ಸ್ಟ್ರಾವಾದ ಜಾಡನ್ನು ಅದರ ಪಕ್ಕ ಇಟ್ಟು ಹೋಲಿಸಿ. ಒಂದು ಸಂಜೆಯ ಕೆಲಸ. ನಾನು ಓದಿದ ಎಂಜಿನಿಯರಿಂಗ್ ಕೊನೆಗೂ ಉಪಯೋಗಕ್ಕೆ ಬಂದದ್ದು ಇಂಥ ಸಂಜೆಗಳಲ್ಲಿ.

ಎಲ್ಲಿಗೆ ಹೋಗೋದು

ದಕ್ಷಿಣ ಬೆಂಗಳೂರಿನ ಸವಾರರ ಹಳೇ ಪಾಠಶಾಲೆ ತುರಹಳ್ಳಿ. ಸಿದ್ದಾಪುರದಿಂದ ಹದಿಮೂರು-ಹದಿನಾಲ್ಕು ಕಿಲೋಮೀಟರ್. ಲಾಲ್‌ಬಾಗಿನ ಬಂಡೆ ನೋಡಿದವರಿಗೆ ತುರಹಳ್ಳಿಯ ಬಂಡೆಗಳು ಹೊಸದಲ್ಲ, ಅದೇ ಪುರಾತನ ನೈಸ್ ಶಿಲೆ. ಒಂದು ಕಾಲಕ್ಕೆ ಇಲ್ಲಿನ ಜಾಡುಗಳಲ್ಲೇ ನಗರದ ಎಷ್ಟೋ ಮಂದಿ ಮಣ್ಣಿನಲ್ಲಿ ಸೈಕಲ್ ತುಳಿಯೋದು ಕಲಿತರು. ಆದರೆ ಅದು ಮೀಸಲು ಅರಣ್ಯ. ಅರಣ್ಯ ಇಲಾಖೆ ಸೈಕಲ್‌ಗಳನ್ನು ತಡೆದಿದೆ, ಬೇಲಿ ಹಾಕಿದೆ. 2021ರ ಆರಂಭದಲ್ಲಿ ಅದೇ ಇಲಾಖೆ ಅಲ್ಲಿ ಟ್ರೀ ಪಾರ್ಕ್ ಮಾಡಲು ಹೊರಟಾಗ ಸುತ್ತಲಿನ ನಿವಾಸಿಗಳು, ಪಕ್ಷಿ ನೋಡುವವರು, ಸೈಕಲ್‌ನವರು ಒಟ್ಟಾಗಿ ಬೀದಿಗಿಳಿದರು. ಕಾಡನ್ನು ಕಾಡಾಗೇ ಬಿಡಿ ಅನ್ನೋದು ಒತ್ತಾಯ. ಜನರ ವಿರೋಧದ ನಂತರ ಯೋಜನೆ ಮುಂದೆ ಹೋಗಲಿಲ್ಲ.

ಆ ಹೋರಾಟದಲ್ಲಿ ನಮಗೂ ಒಂದು ಇಕ್ಕಟ್ಟಿನ ಪ್ರಶ್ನೆ ಇತ್ತು. ಕಾಡು ಕಾಡಾಗಿ ಇರಬೇಕು ಅಂದ ಮೇಲೆ ನಮ್ಮ ಚಕ್ರ ಯಾಕೆ ಒಳಗೆ? ನನ್ನ ಉತ್ತರ ಈಗ ಸ್ಪಷ್ಟ: ಇಲಾಖೆ ಬೇಡ ಅಂದ ಕಡೆ ಹೋಗಬಾರದು. ಕಾಡಿನ ಅಂಚಿನ ಹಳ್ಳಿ ದಾರಿಗಳೇ ಸಾಕಷ್ಟಿವೆ. ಇದನ್ನು ಒಪ್ಪದ ಗೆಳೆಯರು ನನಗೆ ಬಹಳ ಜನ ಇದ್ದಾರೆ.

ಕನಕಪುರ ರಸ್ತೆಯಲ್ಲೇ ಮುಂದುವರಿದರೆ ತಾತಗುಣಿ, ಕಗ್ಗಲೀಪುರ, ರಾವುಗೋಡ್ಲು. ಏರು ಇಳಿವು, ಕೆರೆ ಏರಿ, ತೋಪು ಎಲ್ಲ ಸಿಗುವ ನನ್ನ ಅಚ್ಚುಮೆಚ್ಚಿನ ದಿಕ್ಕು. ಮೈಸೂರು ರಸ್ತೆ ಬದಿಗೆ ಹೋದರೆ ರಾಮೋಹಳ್ಳಿ, ದೊಡ್ಡ ಆಲದಮರ, ಅಲ್ಲಿಂದ ಮಂಚನಬೆಲೆ ಕಡೆ. ಇಲ್ಲಿ ಒಂದು ಕಾನೂನು ನೆನಪಿರಲಿ: ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್, ಮೋಟಾರಿಲ್ಲದ ವಾಹನ ಯಾವುದಕ್ಕೂ ಪ್ರವೇಶವಿಲ್ಲ. ಸರ್ವೀಸ್ ರಸ್ತೆಯೇ ಗತಿ.

ಮೂರನೇ ದಿಕ್ಕು ಬನ್ನೇರುಘಟ್ಟ, ರಾಗಿಹಳ್ಳಿ. ತುಂಬಾ ಚಂದ, ತುಂಬಾ ಎಚ್ಚರ ಬೇಕಾದ್ದು. ರಾಷ್ಟ್ರೀಯ ಉದ್ಯಾನದ ನಡುವೆ ಹಾದು ಹೋಗುವ ರಸ್ತೆಯಲ್ಲಿ ಹೋಗಬಹುದು, ರಸ್ತೆ ಬಿಟ್ಟು ಕಾಡಿಗೆ ಇಳಿದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಅದಕ್ಕಿಂತ ಮೊದಲು ಆನೆ. ಮುಂಜಾನೆ, ಮುಸ್ಸಂಜೆ ಅವು ರಸ್ತೆ ದಾಟುವ ಹೊತ್ತು. ಕಾರಿನ ಸದ್ದು ಆನೆಗೆ ದೂರದಿಂದಲೇ ಕೇಳಿಸುತ್ತೆ, ಸೈಕಲ್ ತಿರುವಿನಲ್ಲಿ ಸದ್ದಿಲ್ಲದೆ ಎದುರಿಗೆ ಬಂದುಬಿಡುತ್ತೆ. ಒಂಟಿಯಾಗಿ, ಬೆಳಕು ಹರಿಯುವ ಮುಂಚೆ, ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಹೋಗೋದು ಧೈರ್ಯ ಅಲ್ಲ. 2020ರಲ್ಲಿ ಈ ಉದ್ಯಾನದ ಪರಿಸರ ಸೂಕ್ಷ್ಮ ವಲಯವನ್ನು ಮೊದಲು ಹೇಳಿದ್ದ 268.96 ಚದರ ಕಿಲೋಮೀಟರಿನಿಂದ 168.84ಕ್ಕೆ ಇಳಿಸಿ ಅಂತಿಮ ಅಧಿಸೂಚನೆ ಹೊರಡಿಸಿದರು. ಹಾಗೆ ಬಿಟ್ಟುಹೋದ ನೂರು ಚದರ ಕಿಲೋಮೀಟರಿನ ಅಂಚಿನಲ್ಲಿ ಕ್ವಾರಿ, ಲೇಔಟು, ರೆಸಾರ್ಟ್ ಒತ್ತಡ ಹೇಗಿದೆ ಅಂತ ಯಾವ ವರದಿ ಓದದೆಯೂ ಸೈಕಲ್ ಮೇಲೆ ಕೂತೇ ಕಾಣಬಹುದು.

ಊರೊಳಗಿನ ಮೊದಲ ಹತ್ತು ಕಿಲೋಮೀಟರ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಜಯನಗರದಲ್ಲಿ 2012ರ ಸುಮಾರಿಗೆ ಬರೆದ ಸೈಕಲ್ ಪಥಗಳ ಮೇಲೆ ಕಾರು ನಿಂತಿರ್ತವೆ. ರೇಷ್ಮೆ ಸಂಸ್ಥೆವರೆಗೆ ಮೆಟ್ರೊ 2021ರಲ್ಲೇ ಬಂತು, ಆದರೆ ಮಡಚುವ ಸೈಕಲ್ಲಿಗೆ ಮಾತ್ರ ಒಳಗೆ ಜಾಗ. ಭಾನುವಾರ ಬೆಳಗ್ಗೆ ಕೊನೆಯ ಬೋಗಿಯಲ್ಲಿ ಸಾದಾ ಸೈಕಲ್ಲಿಗೂ ಬಿಟ್ಟರೆ ನಷ್ಟ ಏನು ಅನ್ನೋದು ನನಗಂತೂ ಅರ್ಥವಾಗಿಲ್ಲ.

ಯಾವ ಸೈಕಲ್

ಅಂಗಡಿಗೆ ಹೋದರೆ ಮೊದಲು ಫ್ರೇಮ್, ಕಾರ್ಬನ್, ಗೇರ್ ಬಗ್ಗೆ ಮಾತಾಡ್ತಾರೆ. ನೀವು ಟೈರ್ ಬಗ್ಗೆ ಕೇಳಿ. ಈ ನೆಲಕ್ಕೆ 40 ಮಿಲಿಮೀಟರ್ ಅಗಲದ ಟೈರ್ ಕನಿಷ್ಠ, ಫ್ರೇಮಿನಲ್ಲಿ 45ಕ್ಕೆ ಜಾಗ ಇದ್ದರೆ ಒಳ್ಳೇದು. ಲೆಕ್ಕ ಸುಲಭ. ಸವಾರ, ಸೈಕಲ್ ಸೇರಿ 85 ಕಿಲೊ ಅಂದ್ಕೊಳ್ಳಿ, ಹಿಂದಿನ ಚಕ್ರದ ಮೇಲೆ ಸುಮಾರು 50 ಕಿಲೊ ಬೀಳುತ್ತೆ. ರೇಸಿಂಗ್ ಟೈರಿನ 90 ಪಿಎಸ್‌ಐ ಗಾಳಿಗೆ ನೆಲಕ್ಕೆ ತಾಗೋದು ಹೆಚ್ಚುಕಡಿಮೆ 8 ಚದರ ಸೆಂಟಿಮೀಟರ್. ದಪ್ಪ ಟೈರಿಗೆ 40 ಪಿಎಸ್‌ಐ ಸಾಕು, ಆಗ ತಾಗೋದು 18. ಗರಸಿನ ಮೇಲೆ ಹಿಡಿತ, ಸೊಂಟಕ್ಕೆ ನೆಮ್ಮದಿ ಎರಡೂ ಅಲ್ಲಿಂದಲೇ ಬರೋದು.

ಎರಡನೇದು ಮುಳ್ಳು. ಬಳ್ಳಾರಿ ಜಾಲಿ ಮತ್ತು ನೆಗ್ಗಿಲು ನಮ್ಮ ಕಡೆಯ ನಿಜವಾದ ಎದುರಾಳಿಗಳು. ಟ್ಯೂಬ್ ಹಾಕಿದ ಟೈರಲ್ಲಿ ಒಂದೇ ಬೆಳಗ್ಗೆ ಮೂರು ಪಂಕ್ಚರ್ ಹಾಕ್ಕೊಂಡವರನ್ನು ಕಂಡಿದ್ದೀನಿ. ಟ್ಯೂಬ್‌ಲೆಸ್ ಮಾಡಿಸಿ ಒಳಗೆ ಸೀಲೆಂಟ್ ಹಾಕಿಸಿದರೆ ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತೆ. ಬೇಸಿಗೆಯಲ್ಲಿ ಸೀಲೆಂಟ್ ಬೇಗ ಒಣಗುತ್ತೆ, ಎರಡು-ಮೂರು ತಿಂಗಳಿಗೊಮ್ಮೆ ನೋಡಬೇಕು. ಗೇರಿನಲ್ಲಿ, ಹಿಂದಿನ ದೊಡ್ಡ ಹಲ್ಲುಚಕ್ರ ಮುಂದಿನ ಚಿಕ್ಕದಕ್ಕಿಂತ ಸ್ವಲ್ಪವಾದರೂ ದೊಡ್ಡದಿರಲಿ, ರಾವುಗೋಡ್ಲು ಕಡೆಯ ಏರುಗಳಲ್ಲಿ ಇಳಿದು ತಳ್ಳೋದು ತಪ್ಪುತ್ತೆ. ಬ್ರೇಕ್ ಡಿಸ್ಕೇ ಇರಲಿ. ಫ್ರೇಮ್ ಅಲ್ಯೂಮಿನಿಯಂ ಆದರೂ ಸರಿ, ನನ್ನ ಒಲವು ಸ್ಟೀಲ್ ಕಡೆ. ತೂಕ ಒಂದೆರಡು ಕಿಲೊ ಜಾಸ್ತಿ, ಆದರೆ ಏಟು ತಿಂದರೆ ವೆಲ್ಡಿಂಗ್ ಗೊತ್ತಿರೋ ಒಳ್ಳೇ ಕೈಗೆ ರಿಪೇರಿ ಆಗುತ್ತೆ. ಬಿರುಕು ಬಿಟ್ಟ ಕಾರ್ಬನ್ ರಿಪೇರಿ ಮಾಡೋರನ್ನು ಹುಡುಕಬೇಕು.

ಬೆಲೆ? ಟ್ರೆಕ್ ಚೆಕ್‌ಪಾಯಿಂಟ್, ಜೈಂಟ್ ರಿವೋಲ್ಟ್, ಮೆರಿಡಾ ಸೈಲೆಕ್ಸ್ ಥರದವು ಲಕ್ಷ ದಾಟುತ್ತವೆ. ಡೆಕಾಥ್ಲಾನ್‌ನ ಟ್ರೈಬನ್ ಅದಕ್ಕಿಂತ ಬಹಳ ಕಡಿಮೆ. 2023ರ ಕೇಂದ್ರ ಬಜೆಟ್ ಆಮದು ಸೈಕಲ್ಲಿನ ಸುಂಕವನ್ನು ಶೇ 35ಕ್ಕೆ ಏರಿಸಿತು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದದ್ದು ಸ್ವಲ್ಪ ಸಮಾಧಾನ.

ಆದರೆ ಶುರು ಮಾಡೋಕೆ ಇದ್ಯಾವುದೂ ಬೇಡ. ಹಾಲು ಹಾಕೋಕೆ ಡೇರಿಗೆ ಹೋಗ್ತಿದ್ದ ಹಳೇ ಅಟ್ಲಾಸ್, ಹೀರೊ ಸೈಕಲ್ಲಿನ ಟೈರ್ ಅಳತೆ 28 ಇಂಟು ಒಂದೂವರೆ ಇಂಚು. ಅಂದ್ರೆ ಹತ್ತಿರ ಹತ್ತಿರ 40 ಮಿಲಿಮೀಟರ್! ಕ್ಯಾಲಿಫೋರ್ನಿಯಾದವರು ಹೊಸದಾಗಿ ಕಂಡುಹಿಡಿದೆವು ಅಂದುಕೊಂಡ ಅಳತೆಯಲ್ಲಿ ನಮ್ಮ ಅಜ್ಜಂದಿರು ಎರಡು ಕ್ಯಾನ್ ಹಾಲು ನೇತುಹಾಕ್ಕೊಂಡು ಇದೇ ಬಂಡಿ ದಾರಿಯಲ್ಲಿ ಓಡಾಡಿದ್ದಾರೆ. ಮನೆಯಲ್ಲಿರೋ ಹಳೇ ಹೈಬ್ರಿಡ್ ಅಥವಾ ಶಾಕ್ ಇಲ್ಲದ ಮೌಂಟನ್ ಬೈಕಿಗೆ ಒಳ್ಳೇ ಟೈರ್ ಹಾಕಿಸಿ ಒಂದು ವರ್ಷ ತುಳೀರಿ. ಆಮೇಲೂ ಹುಚ್ಚು ಬಿಡಲಿಲ್ಲ ಅಂದ್ರೆ ದುಡ್ಡು ಖರ್ಚು ಮಾಡಿ.

ಆಟ ಯಾರ ಕೈಗೆ ಹೋಗಬೇಕು

ಕರ್ನಾಟಕದ ಸೈಕ್ಲಿಂಗ್ ಬೆಂಗಳೂರಿನದ್ದಲ್ಲ. ರಾಷ್ಟ್ರಮಟ್ಟದಲ್ಲಿ ರಾಜ್ಯಕ್ಕೆ ಪದಕ ತಂದುಕೊಟ್ಟ ಮಕ್ಕಳಲ್ಲಿ ಬಹಳಷ್ಟು ಮಂದಿ ವಿಜಯಪುರ, ಬಾಗಲಕೋಟೆ, ಗದಗ ಭಾಗದವರು, ಅಲ್ಲಿನ ಕ್ರೀಡಾ ಹಾಸ್ಟೆಲ್‌ಗಳಲ್ಲಿ, ಚಂದರಗಿಯ ಕ್ರೀಡಾ ಶಾಲೆಯಲ್ಲಿ ಬೆಳೆದವರು, ರೈತರ, ಕೂಲಿಕಾರರ ಮನೆಯವರು. ಆ ಕಡೆ ಜಾತ್ರೆಗಳಲ್ಲಿ ಸೈಕಲ್ ಶರ್ಯತ್ತು ಇವತ್ತಿಗೂ ಕುಸ್ತಿಯ ಜೊತೆಗೇ ನಡೆಯುತ್ತೆ. 2022ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ನಡೆದದ್ದು ಗದಗದಲ್ಲಿ. ವಿಜಯಪುರದ ವೆಲೊಡ್ರೋಮ್ ಮಾತ್ರ ವರ್ಷಗಟ್ಟಲೆ ಕುಂಟಿತು.

ವೆಲೊಡ್ರೋಮಿಗೆ ಕೋಟಿ ಬೇಕು. ರಸ್ತೆ ರೇಸಿಗೆ ಹೆದ್ದಾರಿ ಮುಚ್ಚಿಸಬೇಕು. ಗ್ರ್ಯಾವೆಲ್ ರೇಸಿಗೆ ಬೇಕಾದ ಅಂಕಣ ನಮ್ಮಲ್ಲಿ ಆಗಲೇ ಇದೆ. ಉದ್ಯೋಗ ಖಾತ್ರಿಯಡಿ 'ನಮ್ಮ ಹೊಲ ನಮ್ಮ ದಾರಿ' ಅಂತ ಹೊಲಗಳಿಗೆ ಹೋಗುವ ರಸ್ತೆ ಮಾಡಿಸಿದ್ದಾರಲ್ಲ, ಅದಕ್ಕಿಂತ ಒಳ್ಳೇ ಟ್ರ್ಯಾಕ್ ಯಾರೂ ಕಟ್ಟಿಕೊಡಲ್ಲ. ಎರೆಭೂಮಿಯಲ್ಲಿ ಮಳೆ ಬಿದ್ದ ದಿನ ಚಕ್ರವೇ ತಿರುಗಲ್ಲ ಅನ್ನೋದು ನಿಜ, ಆದ್ದರಿಂದ ಸುಗ್ಗಿ ಮುಗಿದ ಮೇಲೆ ಇಟ್ಟುಕೊಳ್ಳಲಿ. ಯುಸಿಐನ ಗ್ರ್ಯಾವೆಲ್ ಸರಣಿಯಲ್ಲಿ ಪ್ರತಿ ವಯೋಗುಂಪಿನ ಮೊದಲ ಶೇ 25ರಷ್ಟು ಮಂದಿಗೆ ವಿಶ್ವ ಚಾಂಪಿಯನ್‌ಷಿಪ್‌ಗೆ ಅರ್ಹತೆ ಸಿಗುತ್ತೆ. ಅಂಥ ಒಂದು ಸುತ್ತು ಜಮಖಂಡಿಯಲ್ಲೋ ಗದಗದಲ್ಲೋ ನಡೆದರೆ ಗೆಲ್ಲೋರು ನನ್ನ ವಾಟ್ಸ್ಆ್ಯಪ್ ಗುಂಪಿನ ಒಂದೂವರೆ ಲಕ್ಷದ ಸೈಕಲ್ಲಿನವರಂತೂ ಅಲ್ಲ. ಆ ಸೈಕಲ್‌ಗಳಲ್ಲಿ ನಾಲ್ಕಾರನ್ನು ಆ ಹಾಸ್ಟೆಲ್‌ಗಳಿಗೆ ಕಳಿಸೋ ವ್ಯವಸ್ಥೆಯನ್ನು ಬೆಂಗಳೂರಿನ ಕ್ಲಬ್‌ಗಳು ಮಾಡಿದರೆ ಅದೇ ದೊಡ್ಡ ಕೆಲಸ.

ಇಲ್ಲೊಂದು ನ್ಯಾಯವಾದ ಆಕ್ಷೇಪ ಇದೆ. "ನಿಮಗೆ ಮಣ್ಣಿನ ರಸ್ತೆ ಮೋಜು, ಹಳ್ಳಿಯವರಿಗೆ ಅದು ಶಿಕ್ಷೆ. ಬಸುರಿಯನ್ನು ಆಸ್ಪತ್ರೆಗೆ ಒಯ್ಯೋಕೆ ಡಾಂಬರು ಬೇಕು." ಪೂರ್ತಿ ಒಪ್ಪುತ್ತೀನಿ. ಊರಿಂದ ಊರಿಗೆ ಹೋಗುವ ರಸ್ತೆಗೆ ಡಾಂಬರು ಬೀಳಲೇಬೇಕು, ಸೈಕಲ್‌ನವರ ಖುಷಿಗೆ ಯಾರೂ ಕೆಸರಲ್ಲಿ ಇರಬೇಕಿಲ್ಲ. ನನ್ನ ಮಾತು ಹೊಲದ ನಡುವಿನ ದಾರಿಯದ್ದು. ಅದು ಮಣ್ಣಾಗಿರಲಿ, ಕಾಂಕ್ರೀಟಾಗಲಿ, ದಾರಿಯಾಗಿ ಇರಬೇಕು. ಅಲ್ಲಿ ರೈತನ ಟ್ರ್ಯಾಕ್ಟರಿಗೂ ನಮ್ಮ ಸೈಕಲ್ಲಿಗೂ ಬೇಕಾಗಿರೋದು ಒಂದೇ.

ಆ ಗೇಟಿನ ವಿಷಯಕ್ಕೆ ಬರ್ತೀನಿ. ನಕ್ಷೆಯಲ್ಲಿ ಅಲ್ಲಿ ಜೋಡಿ ಚುಕ್ಕೆ ಗೆರೆ ಇದೆ. ಪಹಣಿಯಲ್ಲಿ ಬಿ ಖರಾಬು ಇದೆ. ನಕ್ಷೆಯ ಪ್ರಿಂಟು, ಹಳೇ ಸವಾರಿಗಳ ಜಿಪಿಎಸ್ ಜಾಡು ಎರಡನ್ನೂ ಯಜಮಾನರ ಮೊಮ್ಮಗನಿಗೆ ಕೊಟ್ಟೆ. ಅವರೂ ಪಕ್ಕದ ಹೊಲದ ಇನ್ನೂ ನಾಲ್ವರೂ ಸಹಿ ಹಾಕಿ ತಹಶೀಲ್ದಾರರಿಗೆ ಅರ್ಜಿ ಕೊಟ್ಟಿದ್ದಾರೆ. ಸರ್ಕಾರಿ ಜಮೀನಿನ ಒತ್ತುವರಿ ತೆರವು ಮಾಡಿಸೋಕೆ ಭೂ ಕಂದಾಯ ಕಾಯ್ದೆ, 1964ರ 104ನೇ ಕಲಂ ಇದೆ. ಅದಕ್ಕೆ ಮೊದಲು ಅಳತೆ ಆಗಬೇಕು. ಸರ್ವೆಯರ್ ಇನ್ನೂ ಬಂದಿಲ್ಲ. ಗೇಟಿನ ಪಕ್ಕ ಒಂದು ಸಂದಿ ಇದೆ, ಸೈಕಲ್ ಎತ್ತಿ ದಾಟಿಸಬಹುದು. ಎಮ್ಮೆ ದಾಟಲ್ಲ.